ಕಣ್ಣಳತೆಯ ರವಿಕೆ

ಮಾಸ್ಟರ್ ಅಂಗಡಿಯ ಕಪಾಟಿನಲ್ಲಿ, ಹೊಲಿಯಲು ಬಂದ ಬಟ್ಟೆಗಳ ಸಾಲಿನಲ್ಲಿ, ಅವಳ ಸೀರೆ ಇತ್ತು.

ಬಾಯಲ್ಲಿ ಕಚ್ಚಿಕೊಂಡಿದ್ದ ಪಿನ್ನನ್ನು ಅವಳು ತೆಗೆದಳು. ಸಮಾರಂಭಗಳಲ್ಲಿ ಸೀರೆ ಉಡಿಸುವುದು ಅವಳ ಕೆಲಸ. ಬಾಯಲ್ಲಿ ಸದಾ ಪಿನ್ನು ಇರುತ್ತಿದ್ದುದರಿಂದ ಬೀದಿಗೆಲ್ಲ ಅವಳು ಪಿನ್ನಕ್ಕ. ಅಕ್ಕ ಎನ್ನದೆ ‘ಮೇಡಂ’ ಎನ್ನುತ್ತಿದ್ದವನು ಟೈಲರ್ ಮಾಸ್ಟರ್ ಒಬ್ಬನೇ.

ಸೀರೆಯ ಅಂಚನ್ನು ಬೆರಳಲ್ಲಿ ಸರಿಸುತ್ತ ಹೋದಳು. ಸಾಲು ಹಂಸಗಳ ನಡುವೆ ಒಂದು ಮಾತ್ರ ಹಿಂದಕ್ಕೆ ತಿರುಗಿತ್ತು. ಅನುಮಾನವೇ ಇರಲಿಲ್ಲ. ಅಪ್ಪ ಎರಡು ಸಲ ನೇಕಾರರ ಮನೆಗೆ ಅಲೆದು, ನವಿಲಿನ ಕತ್ತಿನ ಬಣ್ಣವೇ ಬೇಕೆಂದು ಹಟ ಹಿಡಿದು, ಅವಳ ಮದುವೆಗೆ ನೇಯಿಸಿದ ಸೀರೆ.

"ಇದನ್ನ ಯಾರು ಕೊಟ್ಟಿದ್ದು ಮಾಸ್ಟ್ರೇ?"

"ಮುಂದಿನ ವಾರ ಮಗಳ ನಿಶ್ಚಿತಾರ್ಥವಂತೆ, ಅಮ್ಮ ಬಂದು ಕೊಟ್ಟು ಹೋದ್ರು. ಹೊಸ ಬ್ಲೌಸು ಬೇಕಂತೆ. ಉಡಿಸೋಕೂ ಜನ ಕೇಳಿದ್ರು. ಪಿನ್ನಕ್ಕ ಅಂತ ಇದಾರೆ, ಕಳಿಸ್ತೀನಿ ಅಂದಿದೀನಿ."

"ಆ ಅಮ್ಮ ನನ್ನ ಅತ್ತೆ."

ಗಂಡ ತೀರಿಕೊಂಡು ತಿಂಗಳಾಗುವ ಮೊದಲೇ ಅತ್ತೆ ಬೀರುವಿನ ಕೀಲಿ ಇಸಿದುಕೊಂಡಿದ್ದರು. "ಸೀರೆ ಇಲ್ಲೇ ಇರಲಿ. ನಿನಗೆ ಇನ್ಯಾವ ಸಮಾರಂಭ?" ಎಂದಿದ್ದರು. ಎರಡು ಚೂಡಿದಾರ್ ತುಂಬಿದ ಬ್ಯಾಗು ಹಿಡಿದು ಅವಳು ಆ ಮನೆ ಬಿಟ್ಟಳು. ಮೂರು ವರ್ಷದಲ್ಲಿ ಗಂಡನ ದನಿ ಮರೆಯುತ್ತ ಬಂದಿತ್ತು. ಅತ್ತೆಯ ಆ ಮಾತು ಮಾತ್ರ ಒಂದಕ್ಷರವೂ ಅಳಿಸಿರಲಿಲ್ಲ.

"ಮಾಸ್ಟ್ರೇ, ನನಗೊಂದು ಉಪಕಾರ ಮಾಡಿ. ಬ್ಲೌಸಿನ ಕೊಕ್ಕೆ ಒಂದೊಂದೇ ಎಳೆಯಲ್ಲಿ ಹೊಲೀರಿ. ನೆರಿಗೆಗೆ ನಾನು ಒಂದೇ ಪಿನ್ನು ಹಾಕ್ತೀನಿ. ನೂರು ಜನರ ಮುಂದೆ ಬಗ್ಗಿದಾಗ ಎಲ್ಲ ಕೈಗೆ ಬರಲಿ."

ಹೊಲಿಗೆ ಯಂತ್ರ ನಿಂತಿತು. "ಆಗಲ್ಲ."

"ಯಾಕೆ, ಅಂಗಡಿ ಹೆಸರು ಕೆಡುತ್ತಾ?"

"ಸಿಟ್ಟು ಅಮ್ಮನ ಮೇಲೆ, ಮಾನ ಹೋಗೋದು ಮಗಳದ್ದಾ?"

"ದಿನಾ ಊರವರ ಸೊಂಟ ಅಳೆಯೋರಿಗೆ ನನ್ನ ಸಿಟ್ಟೇನು ಗೊತ್ತು?"

"ಸಿಟ್ಟೂ ಅಳೀತೀನಿ ಮೇಡಂ. ನಿಮ್ಮದು ಸ್ವಲ್ಪ ಉದ್ದ ಜಾಸ್ತಿ, ಅಷ್ಟೆ."

ಅವಳು ದಡದಡನೆ ಮೆಟ್ಟಿಲಿಳಿದಳು. ಆ ವಾರವೆಲ್ಲ ಅತ್ತ ಸುಳಿಯಲಿಲ್ಲ. ಮನೆಯಲ್ಲಿ ಪೆಟ್ಟಿಗೆ ಸುರುವಿ, ಮೊನೆ ಬಾಗಿದ ಪಿನ್ನೊಂದನ್ನು ಆರಿಸಿ ಬೇರೆ ಇಟ್ಟುಕೊಂಡಳು. ಅತ್ತೆಯ ಮುಖ ಹೇಗೆ ಕಪ್ಪಿಡಬಹುದೆಂದು ಕಲ್ಪಿಸಿಕೊಳ್ಳಲು ಕೂತರೆ, ನಡುವೆ ಮಾಸ್ಟರ್ ಮುಖ ಬಂದು ಕೂರುತ್ತಿತ್ತು. ಅದಕ್ಕೂ ಅವಳಿಗೆ ಸಿಟ್ಟು ಬಂತು.

ನಿಶ್ಚಿತಾರ್ಥದ ಬೆಳಿಗ್ಗೆ ಹಾಲ್‌ನ ಹಿಂದಿನ ಕೋಣೆಯಲ್ಲಿ ಅತ್ತೆ ಅವಳನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು.

"ನೀನಾ!"

"ನಾನೇ ಅತ್ತೆ. ಉಡಿಸೋಕೆ ಬಂದಿದೀನಿ."

ಹೊರಗೆ ಗಂಡಿನ ಕಡೆಯವರು ಬಂದು ಕೂತಿದ್ದರು. ಇಂಥ ನೇಯ್ಗೆ ಈಗ ಎಲ್ಲೂ ಸಿಗದು, ನಮ್ಮ ಮನೆತನದ್ದು ಎಂದು ಅವರಿಗೆಲ್ಲ ಅತ್ತೆ ಆಗಲೇ ಸಾರಿಯಾಗಿತ್ತು. ಬೇರೆಯವರನ್ನು ಕರೆಸಲು ಹೊತ್ತಿರಲಿಲ್ಲ. "ಬಾಯಿ ಮುಚ್ಕೊಂಡು ಕೆಲಸ ಮುಗಿಸಿ ಹೋಗು," ಎಂದು ಹಲ್ಲು ಕಚ್ಚಿದರು.

ಆಗ ಮಾಸ್ಟರ್ ಬ್ಲೌಸ್ ಹಿಡಿದು ಬೆವರುತ್ತ ಬಂದ.

"ಇಷ್ಟು ತಡವಾ? ಇನ್ನು ಅರ್ಧ ಗಂಟೆನೇ ಇರೋದು!"

"ಟೈಲರ್ ಅಲ್ವಾ ಅಮ್ಮ," ಎಂದು ಹೇಳಿ ಬಾಗಿಲಾಚೆ ನಿಂತ.

ನಾದಿನಿ ಎತ್ತರದ, ಅಗಲ ಭುಜದ ಹುಡುಗಿ. ಬ್ಲೌಸಿನ ತೋಳು ಅವಳ ಮೊಣಕೈ ದಾಟಲಿಲ್ಲ. ಎಳೆದರು, ಜಗ್ಗಿದರು. ಇನ್ನೊಂದು ಕೈಯಂತೂ ಒಳಗೆ ಹೋಗಲೇ ಇಲ್ಲ.

"ಒಳಗೆ ಬಿಟ್ಟಿರೋ ಬಟ್ಟೆ ಬಿಚ್ಚು ಬೇಗ!" ಎಂದು ಅತ್ತೆ ಕೂಗಿದರು.

ಪಿನ್ನಕ್ಕ ಬ್ಲೌಸನ್ನು ಒಳಮಗ್ಗುಲಾಗಿ ತಿರುಗಿಸಿದಳು. ಬಿಚ್ಚಲು ಒಳಗೆ ಒಂದು ಬೆರಳಷ್ಟೂ ಬಟ್ಟೆ ಇರಲಿಲ್ಲ. ಹೊಲಿಗೆ ಬಟ್ಟೆಯ ತುದಿಯಲ್ಲೇ ಓಡಿತ್ತು. ಎರಡು ಮಕ್ಕಳಾದ ಮೇಲೂ ನಾನು ಹೊಲಿದ ಬ್ಲೌಸು ಆಗುತ್ತೆ, ಒಳಗೆ ಅಷ್ಟು ಬಿಟ್ಟಿರ್ತೀನಿ ಎಂದು ಊರಿಗೆಲ್ಲ ಜಂಬ ಕೊಚ್ಚುವ ಮನುಷ್ಯ! ಅವಳು ಬಾಗಿಲ ಸಂದಿಯಿಂದ ನೋಡಿದಳು. ಅವನು ತಲೆಯೆತ್ತಿ ಫ್ಯಾನು ಎಣಿಸುತ್ತಿದ್ದ. ಅಲ್ಲಿದ್ದದ್ದು ಒಂದೇ ಫ್ಯಾನು.

"ತಪ್ಪಾಯ್ತಮ್ಮ, ಅಳತೆ ಅದಲು ಬದಲಾಗಿದೆ."

"ನಿನ್ನ ಅಂಗಡಿ ಮೆಟ್ಟಿಲು ಒಬ್ಬರೂ ಹತ್ತದ ಹಾಗೆ ಮಾಡ್ತೀನಿ!"

"ಮಾಡಿ ಅಮ್ಮ."

ನಾದಿನಿ ನಿಟ್ಟುಸಿರು ಬಿಟ್ಟಳು. ಅದರಲ್ಲಿ ದುಃಖವೇನೂ ಇದ್ದಂತಿರಲಿಲ್ಲ. "ಹೋಗ್ಲಿ ಬಿಡಮ್ಮ. ಹುಡುಗನ ಕಡೆಯವರು ಕೊಡಿಸಿದ ಕೆಂಪು ಸೀರೆ ಬ್ಲೌಸಿನ ಸಮೇತ ಪೆಟ್ಟಿಗೆಯಲ್ಲಿದೆ. ನನಗೆ ಮೊದಲಿಂದ ಅದೇ ಇಷ್ಟ."

ಪಿನ್ನಕ್ಕ ಕೆಂಪು ಸೀರೆ ಉಡಿಸಿದಳು. ಪುಸ್ತಕದ ಹಾಳೆಯಂತೆ ನೆರಿಗೆ ಕೂರಿಸಿದಳು, ಸೆರಗನ್ನು ಐದು ಮಡಿಕೆ ಮಾಡಿ ಭುಜಕ್ಕೆ ಸಿಕ್ಕಿಸಿದಳು. ಒಂಬತ್ತು ಪಿನ್ನು ಹಾಕಿದಳು. ಬಾಗಿದ್ದು ಅದರಲ್ಲಿ ಇರಲಿಲ್ಲ.

"ಅತ್ತಿಗೆ, ನಿಮ್ಮ ಸೀರೆ ನಂಗೆ ಬೇಡ ಅಂತ ಅಮ್ಮಂಗೆ ಹೇಳಿದ್ದೆ," ಎಂದು ನಾದಿನಿ ಪಿಸುಗುಟ್ಟಿದಳು.

"ಮೂರು ವರ್ಷದ ಹಿಂದೆ ಹೇಳಬೇಕಿತ್ತು. ಉಸಿರು ಬಿಗಿಹಿಡಿ, ನೆರಿಗೆ ಸಿಕ್ಕಿಸ್ತೀನಿ."

ಎಲ್ಲರೂ ಹೊರಗೆ ಹೋದರು. ಕುರ್ಚಿಯ ಮೇಲೆ ಸೀರೆ ಉಳಿಯಿತು, ಪಕ್ಕದಲ್ಲಿ ಯಾರಿಗೂ ಆಗದ ಬ್ಲೌಸು.

ಅವಳು ಬಾಗಿಲು ಹಾಕಿ ತೋಳು ತೂರಿಸಿದಳು. ನೀರಿನೊಳಗೆ ಕೈಯಿಟ್ಟಂತೆ ಅದು ಸಲೀಸಾಗಿ ಒಳಗೆ ಹೋಯಿತು. ಭುಜ ಕೂತಿತು. ಎದೆಯ ಟಕ್ಸು ಇರಬೇಕಾದಲ್ಲೇ ಇದ್ದವು. ಆರು ಕೊಕ್ಕೆಯೂ ಎಳೆಯದೆ ಸಿಕ್ಕಿದವು. ಮೂರು ವರ್ಷದಿಂದ ಅವಳು ಹೊಲಿಸಿದ್ದೇ ಇಲ್ಲ, ರೆಡಿಮೇಡೇ ಸಾಕೆಂದಿದ್ದಳು. ಟೇಪು ಸುತ್ತದ ಅವಳ ಮೈ ಒಬ್ಬನಿಗೆ ಬಾಯಿಪಾಠವಾಗಿತ್ತು.

ಕನ್ನಡಿಯಲ್ಲಿ ಕಿವಿಯವರೆಗೆ ಕೆಂಪಾದ ಹೆಂಗಸೊಬ್ಬಳು ನಿಂತಿದ್ದಳು. ಅವಳನ್ನು ನೋಡಿ ಬಹಳ ದಿನವಾಗಿತ್ತು.

ತನ್ನ ಬ್ಯಾಗಿನಿಂದ ಲಂಗ ತೆಗೆದು ಕಟ್ಟಿಕೊಂಡು ಸೀರೆ ಉಟ್ಟಳು. ಸೆರಗನ್ನು ಮಡಿಸಲಿಲ್ಲ, ಹಂಸಗಳೆಲ್ಲ ಕಾಣುವಂತೆ ತೋಳ ಮೇಲೆ ಹರಡಿಕೊಂಡಳು. ಹಿಂಬಾಗಿಲು ತೆರೆದೇ ಇತ್ತು. ಹಾಲ್ ನಡುವಿನಿಂದಲೇ ನಡೆದಳು.

"ನೀವು ಹೇಳಿದ ಸೀರೆ ಇದೇ ಅಲ್ವಾ? ಇವರು ಯಾರು?" ಎಂದು ಗಂಡಿನ ತಾಯಿ ಕೇಳಿದರು. ಅತ್ತೆ ಗಡಬಡಿಸಿ ಎದ್ದರು.

"ನಾನು ಇವರ ಸೊಸೆ," ಎಂದಳು ಪಿನ್ನಕ್ಕ, ಕೈಮುಗಿದು. "ಸೀರೆ ನಮ್ಮಪ್ಪ ನೇಯಿಸಿದ್ದು. ಮೂರು ವರ್ಷ ಜೋಪಾನ ಮಾಡಿ ಅತ್ತೆ ಇವತ್ತು ವಾಪಸ್ ಕೊಟ್ರು. ಅಲ್ವಾ ಅತ್ತೆ?"

ನೂರು ಜನ ನೋಡುತ್ತಿದ್ದರು.

"ಹೂಂ," ಎಂದರು ಅತ್ತೆ.

ಪಾಪ ಅನ್ನಿಸಬಹುದೇನೋ ಎಂದು ಅವಳು ಒಂದು ಗಳಿಗೆ ಕಾದಳು. ಅನ್ನಿಸಲಿಲ್ಲ. ಹೊರಗೆ ನಡೆದಳು.

ಮೆಟ್ಟಿಲ ಬಳಿ ಮಾಸ್ಟರ್ ಸ್ಕೂಟರಿಗೆ ಒರಗಿದ್ದ. ನೋಡಿದ, ತಕ್ಷಣ ನೆಲ ನೋಡಿದ, ಮತ್ತೆ ನೋಡಿದ.

"ಅಳತೆ ಎಲ್ಲಿಂದ ಬಂತು?"

"ಕಣ್ಣಳತೆ."

"ಎಷ್ಟು ದಿನದ್ದು?"

"ಎರಡು ವರ್ಷದ್ದು. ವಾರಕ್ಕೆರಡು ಸಲ ಫಾಲ್ಸ್ ತಗೊಳ್ಳೋಕೆ ಬರ್ತಿದ್ರಲ್ಲ."

"ನಾಚಿಕೆ ಆಗಲ್ವಾ?"

"ಆಗುತ್ತೆ. ಅದಕ್ಕೇ ಬಾಯಲ್ಲಿ ಹೇಳೋಕಾಗ್ಲಿಲ್ಲ, ಹೊಲಿದೆ."

"ಅತ್ತೆ ಸುಮ್ಮನಿರಲ್ಲ. ಅಂಗಡಿ ಮುಳುಗುತ್ತೆ."

"ಬೇರೆ ಬೀದೀಲಿ ಹಾಕ್ತೀನಿ. ನೀವು ಅಲ್ಲಿಗೂ ಬರ್ತೀರಾ, ಅದು ಹೇಳಿ."

ಒಂದು ವಾರದ ಕೆಳಗೆ ‘ಆಗಲ್ಲ’ ಎಂದವನು ಇವನೇ. ಆ ಲೆಕ್ಕ ಇನ್ನೂ ಚುಕ್ತಾ ಆಗಿರಲಿಲ್ಲ.

"ಎಡ ತೋಳು ಸಡಿಲ," ಎಂದಳು.

ಅವನ ಮುಖ ಇಳಿಯಿತು. "ಸಾಧ್ಯಾನೇ ಇಲ್ಲ."

"ಸಡಿಲ ಅಂದ್ರೆ ಸಡಿಲ. ನಾಳೆ ಬೆಳಿಗ್ಗೆ ಬರ್ತೀನಿ. ಈ ಸಲ ಟೇಪು ಹಿಡಿದು ಸರಿಯಾಗಿ ಅಳತೆ ತಗೊಳ್ಳಿ."

ತೋಳು ಒಂದು ನೂಲಿನಷ್ಟೂ ಸಡಿಲವಿರಲಿಲ್ಲ. ಅವಳು ನಾಲ್ಕು ಹೆಜ್ಜೆ ಹೋಗಿರಬೇಕು, ಹಿಂದಿನಿಂದ ಅವನ ನಗು ಕೇಳಿಸಿತು. ತಿರುಗಲಿಲ್ಲ. ಬೆನ್ನ ಮೇಲೆ ಅವನ ಕಣ್ಣಿರುವುದು ಗೊತ್ತಿತ್ತು. ನೋಡಲಿ ಎಂದುಕೊಂಡು, ಬೇಕೆಂದೇ ನಿಧಾನವಾಗಿ ನಡೆದಳು.