ಮಾತು ಅವರದು, ಬಾಯಿ ನನ್ನದು

ನಗರಸಭೆಯ ಕಾರಿಡಾರಿನಲ್ಲಿ ನಿಂತು, ಅತ್ತಿತ್ತ ಓಡಾಡುವವರಿಗೆಲ್ಲ ಕೇಳುವ ಹಾಗೆ, ಅವಳು ಗಟ್ಟಿಯಾಗಿ ಹೇಳಿದಳು: "ಈ ವಾರ್ಡಿನ ಕೌನ್ಸಿಲರ್‌ಗೆ ತಲೆ ಅಂತ ಇರೋದು ಕೂದಲು ಬಾಚ್ಕೊಳ್ಳೋಕೆ ಮಾತ್ರ."

ಹೇಳಿ ಹಿಂದೆ ತಿರುಗಿದರೆ ಕೌನ್ಸಿಲರ್ ನಿಂತಿದ್ದ. ಆಗತಾನೆ ನೀಟಾಗಿ ತಲೆ ಬಾಚಿಕೊಂಡು ಬಂದಿದ್ದ ಬೇರೆ. ಅವನು ಅವಳ ಸ್ವಂತ ಅಣ್ಣ.

"ಮಾತು ಅವರದು, ಅಣ್ಣ," ಎಂದಳು, ಎದುರಿಗೆ ನಿಂತವನ ಕಡೆ ಕೈ ತೋರಿಸಿ. "ಬಾಯಿ ಮಾತ್ರ ನಂದು."

ಎದುರಿಗೆ ನಿಂತವನು ಬಡಗಿ. ಹುಟ್ಟಿನಿಂದ ಕಿವಿ ಕೇಳದು. ಕಿವಿಯ ಮೇಲೆ ಸದಾ ಒಂದು ಮೋಟು ಪೆನ್ಸಿಲ್ ಇರುತ್ತದೆ. ಅದಕ್ಕಾದರೂ ಕಿವಿ ಬೇಕಲ್ಲ ಎಂದು ಅವನೇ ತಮಾಷೆ ಮಾಡುತ್ತಾನೆ. ಅವಳು ದುಭಾಷಿ. ಅವನಂಥವರ ಸನ್ನೆಯನ್ನು ಮಾತಿಗೆ ತರುವುದು, ಉಳಿದವರ ಮಾತನ್ನು ಸನ್ನೆಗೆ ತರುವುದು ಅವಳ ಉದ್ಯೋಗ. ಆವತ್ತು ಸಭೆಯಲ್ಲಿ ಅವನು ಕೌನ್ಸಿಲರನ ವಿರುದ್ಧ ಮಾತಾಡುವುದಿತ್ತು. ನಗರಸಭೆ ಕೊಟ್ಟ ದುಭಾಷಿ ಕೌನ್ಸಿಲರನ ತಂಗಿ ಎಂದು ತಿಳಿದದ್ದೇ ತಡ, ಅವನ ಕೈಗಳು ಚುರುಕಾದವು. ನನ್ನ ಮಾತಿಗೆ ನೀವು ನೀರು ಬೆರೆಸುವುದಿಲ್ಲ ಎಂದು ಹೇಗೆ ನಂಬಲಿ, ಇಗೋ ಇದನ್ನು ಗಟ್ಟಿಯಾಗಿ ಹೇಳಿ ನೋಡೋಣ ಎಂದು ಆ ತಲೆಗೂದಲಿನ ವಾಕ್ಯ ಕೊಟ್ಟಿದ್ದ. ಅವಳು ಹೇಳಿಬಿಟ್ಟಳು.

ಅಣ್ಣ ಮುಖ ಗಂಟು ಹಾಕಿಕೊಂಡು ಒಳಗೆ ಹೋದ. ಬಡಗಿ ಅವಳನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ತೋರುಬೆರಳಿನಿಂದ ತನ್ನ ಎಡಹುಬ್ಬನ್ನು ಮೇಲಕ್ಕೆ ತಳ್ಳಿ ತೋರಿಸಿದ. ಕಿವಿ ಕೇಳದವರು ಪರಿಚಯದವರಿಗೆಲ್ಲ ಹೀಗೊಂದು ಸನ್ನೆಹೆಸರು ಇಡುತ್ತಾರೆ, ಅವಳಿಗದು ಹೊಸದಲ್ಲ. ಆದರೆ ಹುಬ್ಬು ಎಂದು ಯಾಕೆ ಎಂದು ಕೇಳಿದಳು. ಕೇಳುವಾಗ ಎಡಹುಬ್ಬು ಮೇಲೆ ಹೋಗಿತ್ತು. ಅವನು ನಕ್ಕುಬಿಟ್ಟ.

ಆ ವರ್ಷ ರಾಜಕೀಯದ ಜಗಳದಲ್ಲಿ ದೇಶ ಎರಡು ಪಾಲಾಗಿತ್ತು. ಕನ್ನಡಕ ಮಾಡಿಸುವುದಕ್ಕೂ ಜನ ಅಂಗಡಿಯವನು ಯಾವ ಕಡೆಯವನು ಎಂದು ವಿಚಾರಿಸಿ ಹೋಗುತ್ತಿದ್ದರು. ಅಕ್ಕಪಕ್ಕದ ಮನೆಯವರು ಗೇಟಿನ ಹತ್ತಿರ ಎದುರಾದರೆ ಫೋನ್ ನೋಡುತ್ತ ದಾಟಿಕೊಳ್ಳುತ್ತಿದ್ದರು. ಎಂಟು ತಿಂಗಳ ಹಿಂದೆ ಊರಿನ ಚೌಕದಲ್ಲಿ ಎರಡೂ ಕಡೆಯವರು ಒಂದೇ ಸಂಜೆ ಸೇರಿ, ಮಾತಿಗೆ ಮಾತು ಬೆಳೆದು, ಕಲ್ಲು ಹಾರಿದವು. ಒಂದು ಕಲ್ಲು ಅವಳ ಚಿಕ್ಕಮ್ಮನ ಹಣೆಗೆ ಬಿತ್ತು. ಚಿಕ್ಕಮ್ಮನಿಗೂ ಕಿವಿ ಕೇಳದು. ಪಕ್ಕಕ್ಕೆ ಸರಿಯಿರಿ ಎಂದು ಹತ್ತು ಜನ ಕೂಗಿದ್ದರಂತೆ. ಆರು ಹೊಲಿಗೆ ಹಾಕಿದರು. ಅವಳನ್ನು ಎತ್ತಿ ಆಡಿಸಿದವಳು, ಮಾತು ಬರುವ ಮೊದಲೇ ಸನ್ನೆ ಕಲಿಸಿದವಳು ಆ ಚಿಕ್ಕಮ್ಮ.

ಅದಾದ ಮೇಲೆ ಅಣ್ಣ ಒಂದು ನಿಯಮ ತರಲು ಹೊರಟ. ಚೌಕದಲ್ಲಿ ಐದು ಜನಕ್ಕಿಂತ ಹೆಚ್ಚು ಸೇರಿ ಮಾತಾಡುವುದಾದರೆ ಮೂರು ದಿನ ಮೊದಲೇ ಅನುಮತಿ ಪಡೆಯಬೇಕು. ಅವಳಿಗೆ ಅದು ಮನಸಾರೆ ಸರಿ ಎನಿಸಿತ್ತು. ಬಡಗಿಗೆ ಸುತರಾಂ ಒಪ್ಪಿಗೆಯಿರಲಿಲ್ಲ. ಊರಿನ ಕಿವಿ ಕೇಳದವರು ಹನ್ನೊಂದು ಜನ ಪ್ರತಿ ಶನಿವಾರ ಸಂಜೆ ಚೌಕದ ದೊಡ್ಡ ದೀಪದ ಕಂಬದ ಕೆಳಗೆ ಸೇರುತ್ತಿದ್ದರು. ಕೈ ಕಾಣಬೇಕಾದರೆ ಬೆಳಕು ಬೇಕು, ಅಂಥ ಬೆಳಕು ಬೇರೆಲ್ಲೂ ಇರಲಿಲ್ಲ.

ಆವತ್ತು ಅವನ ಸರದಿ ಬರುವ ಮೊದಲೇ ಸಭೆಯಲ್ಲಿ ಗದ್ದಲವೆದ್ದು, ಅಧ್ಯಕ್ಷರು ಎಲ್ಲವನ್ನೂ ಒಂದು ತಿಂಗಳು ಮುಂದಕ್ಕೆ ಹಾಕಿದರು. ಹೊರಡುವಾಗ ಅವನ ಕೈಗಳು ಹೇಳಿದವು: "ಇನ್ನೂ ಒಂದು ತಿಂಗಳಿದೆ, ಹುಬ್ಬು. ಅಂಗಡಿಗೆ ಬನ್ನಿ. ನನ್ನ ಮಾತು ನಿಮ್ಮ ಬಾಯಿಗೆ ರೂಢಿಯಾಗಲಿ."

ಹೋದಳು. ಕೆಲಸಕ್ಕೆಂದೇ ಹೋದಳು, ಅದರಲ್ಲಿ ಯಾರಿಗೂ ಅನುಮಾನ ಬೇಡ. ಮೊದಲ ದಿನ ಹಳೆಯ ಬಟ್ಟೆಯಲ್ಲಿ ಹೋಗಿದ್ದಳು. ನಾಲ್ಕನೆಯ ದಿನಕ್ಕೆ ಕಿವಿಗೆ ಲೋಲಾಕು ಬಂದಿತ್ತು.

ಬಾಗಿಲ ಗುಂಡಿ ಒತ್ತಿದರೆ ಒಳಗೆ ಕೆಂಪು ಬಲ್ಬು ಮಿನುಗುತ್ತಿತ್ತು. ಅವನು ಹಲಗೆಯ ಮೇಲೆ ಬಗ್ಗಿ ಉಳಿ ಹಿಡಿದಿರುತ್ತಿದ್ದ. ಮಾತಾಡಬೇಕಾದರೆ ಉಳಿ ಕೆಳಗಿಡಬೇಕು. ಸಿಟ್ಟು ಬಂದರೂ ಅಷ್ಟೇ. ಮೊದಲು ಉಳಿ ಕೆಳಗೆ, ಆಮೇಲೆ ಅಂಗೈಯ ಹೊಟ್ಟು ಒರೆಸುವುದು, ಆಮೇಲೆ ಸಿಟ್ಟು. ಊರಿನ ಉಳಿದವರಿಗೂ ಇಂಥದೊಂದು ಏರ್ಪಾಡು ಇರಬೇಕಿತ್ತು ಎಂದು ಅವಳಿಗೆ ಎಷ್ಟೋ ಸಲ ಅನಿಸಿತು.

ಇನ್ನೊಂದು ಫಜೀತಿ ಇತ್ತು. ಬೇರೆಯವರ ಜೊತೆ ಗೋಡೆ ನೋಡಿಕೊಂಡು ಜಗಳವಾಡಬಹುದು. ಇವನ ಜೊತೆ ಜಗಳವಾಡಬೇಕಾದರೆ ಇವನನ್ನು ನೋಡುತ್ತಲೇ ಇರಬೇಕು. ಗಂಟೆಗಟ್ಟಲೆ ನೋಡಿದರೆ ಏನೇನೋ ಕಾಣುತ್ತದೆ. ರೆಪ್ಪೆಯ ಮೇಲೆ ಕೂತ ಮರದ ಪುಡಿ ಕಾಣುತ್ತದೆ. ನಗು ಮೊದಲು ಕಣ್ಣಿಗೆ ಬಂದು, ತುಟಿಗೆ ಬರಲೋ ಬೇಡವೋ ಎಂದು ಯೋಚಿಸುವುದು ಕಾಣುತ್ತದೆ. ಅವನೂ ನೋಡುತ್ತಿದ್ದ, ನೋಡದೆ ಅವನಿಗೆ ಗತಿಯಿರಲಿಲ್ಲ. ಆದರೆ ಅವಳು ಮಾತು ಮುಗಿಸಿ ಕೈ ಮಡಿಲಿಗಿಟ್ಟ ಮೇಲೂ ಅವನ ಕಣ್ಣು ಕದಲುತ್ತಿರಲಿಲ್ಲ. ಅದಕ್ಕೇನು ನೆಪವೋ ಅವಳು ಕೇಳಲಿಲ್ಲ.

ಸನ್ನೆಯಲ್ಲಿ ನೀವು, ನೀನು ಎಂಬ ವ್ಯತ್ಯಾಸವಿಲ್ಲ. ಎದುರಿನವರ ಕಡೆ ಬೆರಳು ತೋರಿಸಿದರೆ ಮುಗಿಯಿತು. ಅವನು ಬೆರಳು ತೋರಿಸಿದಾಗಲೆಲ್ಲ ಅವಳು ಮನಸ್ಸಿನಲ್ಲಿ ಜೋಪಾನವಾಗಿ ನೀವು ಎಂದು ತರ್ಜುಮೆ ಮಾಡಿಕೊಳ್ಳುತ್ತಿದ್ದಳು. ಮೂರನೆಯ ವಾರ ಒಂದೆರಡು ಸಲ ತಪ್ಪಿತು.

ಅದೇ ವಾರ ದೊಡ್ಡ ಜಗಳವೂ ಆಯಿತು. ಅವನ ಭಾಷಣದಲ್ಲಿ ಹೊಸದೊಂದು ಮಾತು ಸೇರಿತ್ತು. ಕೌನ್ಸಿಲರ್ ಒಬ್ಬ ಹೆಂಗಸಿನ ಹಣೆಯ ಗಾಯ ತೋರಿಸಿ ನಿಯಮ ತರುತ್ತಿದ್ದಾನೆ, ಆ ಹೆಂಗಸನ್ನು ಮಾತ್ರ ಒಂದು ಮಾತೂ ಕೇಳಲಿಲ್ಲ ಎಂದು. ಚಿಕ್ಕಮ್ಮನ ರಕ್ತ ನನ್ನ ದುಪಟ್ಟಾದಿಂದ ಒತ್ತಿ ಹಿಡಿದವಳು ನಾನು, ನಿಮಗೇನು ಗೊತ್ತು ಎಂದು ರೇಗಿದಳು. ಅವನು ಉತ್ತರ ಕೊಡಲು ಕೈ ಎತ್ತಿದ. ಅವಳು ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು.

ಕಿವಿ ಕೇಳದವರ ನಡುವೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ಎದುರಿನವರ ಬಾಯಿಗೆ ಬಟ್ಟೆ ತುರುಕಿದಂತೆ. ಅವಳಿಗದು ಗೊತ್ತಿತ್ತು, ಗೊತ್ತಿದ್ದೇ ಮಾಡಿದಳು. ಕಣ್ಣು ತೆರೆದಾಗ ಅವನು ಬೆನ್ನು ತಿರುಗಿಸಿ ಹಲಗೆ ಉಜ್ಜುತ್ತಿದ್ದ.

ಮನೆಗೆ ಬಂದು ಚಿಕ್ಕಮ್ಮನ ಮುಂದೆ ಎಲ್ಲವನ್ನೂ ಕೈ ನೋಯುವಷ್ಟು ಹೇಳಿಕೊಂಡಳು. ಚಿಕ್ಕಮ್ಮ ಬಟಾಣಿ ಬಿಡಿಸುತ್ತಿದ್ದವಳು ಬುಟ್ಟಿ ಪಕ್ಕಕ್ಕಿಟ್ಟಳು.

"ಆ ಮಾತು ಅವನದಲ್ಲ, ನಂದು. ನಾನೇ ಅವನ ಕೈಗೆ ಕೊಟ್ಟಿದ್ದು. ಹಣೆ ನಂದು, ಗಾಯ ನಂದು. ನೀನಾಗಲಿ ನಿಮ್ಮಣ್ಣ ಆಗಲಿ, ಯಾವತ್ತಾದರೂ ನನ್ನನ್ನ ಕೇಳಿದ್ರಾ?"

ಅವಳು ಬುಟ್ಟಿ ಎಳೆದುಕೊಂಡು ಉಳಿದ ಬಟಾಣಿ ಬಿಡಿಸತೊಡಗಿದಳು.

ಮರುದಿನ ಕೆಂಪು ಬಲ್ಬು ಮಿನುಗಿತು. ಅವನು ತಿರುಗಿ ನೋಡಿದ. ಅವಳು ಬಾಗಿಲಲ್ಲೇ ನಿಂತು ಹೇಳಿದಳು: "ಕಣ್ಣು ಮುಚ್ಚಿದ್ದು ನನ್ನ ತಪ್ಪು. ನಿಮ್ಮ ವಾದ ಈಗಲೂ ಪೂರ್ತಿ ಒಪ್ಪಿಲ್ಲ. ಆದರೆ ಇನ್ನು ಮೇಲೆ ನೋಡದೆ ಇರಲ್ಲ."

ಅವನು ಉಳಿ ಕೆಳಗಿಟ್ಟ. ಕೈ ಒರೆಸಿಕೊಂಡ. ಆದರೆ ಸಿಟ್ಟಿನ ಬದಲು, ಅವಳಿಗೆಂದೇ ಮಾಡಿದ್ದ ಒಂದು ಸ್ಟೂಲು ಎಳೆದಿಟ್ಟ. ಹೊಸದು, ಇನ್ನೂ ಪಾಲಿಷ್ ವಾಸನೆ ಹೋಗಿರಲಿಲ್ಲ.

ಸಭೆಯ ದಿನ ಬೆಳಗ್ಗೆ ಟೀ ಕುಡಿಯುತ್ತ ಅಣ್ಣ ಮೆತ್ತಗೆ ಮಾತು ತೆಗೆದ. ಬಡಗಿಯ ಭಾಷಣದ ವಾಸನೆ ಅವನಿಗೂ ಬಡಿದಿತ್ತು. ಬೇರೆಲ್ಲ ಹೇಳು, ಹಣೆಯ ವಿಷಯ ಮಾತ್ರ ಹಾರಿಸಿಬಿಡು, ಅಲ್ಲಿ ಯಾರಿಗೆ ಸನ್ನೆ ಬರುತ್ತದೆ, ನೀನು ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದ. ಬೇಡಿಕೊಳ್ಳುವ ದನಿ ಅದು. ಚಿಕ್ಕಂದಿನಲ್ಲಿ ಅಪ್ಪನ ಹತ್ತಿರ ಸುಳ್ಳು ಹೇಳಿಸುವಾಗಲೂ ಇದೇ ದನಿ.

"ನನಗೆ ಗೊತ್ತಾಗುತ್ತೆ, ಅಣ್ಣ," ಎಂದು ಅವಳು ಕಪ್ಪು ತೊಳೆದಿಟ್ಟಳು.

ದುಭಾಷಿಯ ಕೆಲಸಕ್ಕೆ ಒಂದು ಕಟ್ಟುನಿಟ್ಟು ಉಂಟು. 'ಇವರು ಹೀಗೆ ಹೇಳುತ್ತಿದ್ದಾರೆ' ಎಂದು ದೂರ ನಿಲ್ಲುವ ಹಾಗಿಲ್ಲ. ಅವನು ನಾನು ಎಂದರೆ ಅವಳೂ ನಾನು ಎನ್ನಬೇಕು. ನಮ್ಮ ಮಾತಿನಲ್ಲಿ ನಾನು ಎನ್ನುವುದಕ್ಕೆ ಗಂಡು ಹೆಣ್ಣೆಂಬ ಭೇದವೂ ಇಲ್ಲ. ಹಾಗಾಗಿ ಆವತ್ತು ತುಂಬಿದ ಸಭೆಯಲ್ಲಿ, ಮೈಕಿನಲ್ಲಿ, ಕೌನ್ಸಿಲರನ ತಂಗಿಯ ದನಿ ಕೇಳಿಬಂತು:

"ನಾನು ಈ ಊರಿನ ಬಡಗಿ. ನೀವು ಕೂತಿರೋ ಕುರ್ಚಿಗಳಲ್ಲಿ ಅರ್ಧ ನಾನು ಮಾಡಿದ್ದು. ಎರಡೂ ಕಡೆಯವರಿಗೆ ಒಂದೇ ಮರ ಹಾಕಿದ್ದೀನಿ. ಶನಿವಾರ ನಾವು ಹನ್ನೊಂದು ಜನ ಚೌಕದಲ್ಲಿ ಸೇರ್ತೀವಿ. ಒಂಚೂರೂ ಸದ್ದಿರಲ್ಲ. ಅದು ಮಾತು ಅಂತಾದರೆ ಅನುಮತಿ ಕೇಳಬೇಕು. ಮಾತಲ್ಲ ಅಂತಾದರೆ, ಇಷ್ಟು ವರ್ಷದಿಂದ ನಾನು ಮಾಡ್ತಿರೋದೇನು?"

ಯಾರೋ ನಕ್ಕರು. ಎರಡೂ ಕಡೆಯಿಂದ ನಕ್ಕರು. ಆಮೇಲೆ ಹಣೆಯ ಮಾತು ಬಂತು. ಅವಳು ಅಣ್ಣನ ಮುಖ ನೋಡಲಿಲ್ಲ, ದನಿ ಇಳಿಸಲಿಲ್ಲ. ಆ ಹೆಂಗಸನ್ನು ಯಾರೂ ಕೇಳಲಿಲ್ಲ ಎಂದಳು. ಕಲ್ಲು ಹೊಡೆದವನನ್ನು ಇವತ್ತಿಗೂ ಹುಡುಕಿಲ್ಲ, ಮಾತಾಡುವವರನ್ನು ಮಾತ್ರ ಹುಡುಕಿ ಹಿಡಿಯಲು ಹೊರಟಿದ್ದಾರೆ ಎಂದಳು.

ಹಿಂದಿನ ಸಾಲಿನಿಂದ ಒಬ್ಬ ಕೂಗಿದ: "ಮನೆಮುರುಕಿ, ಕೂತ್ಕೊಳ್ಳೇ."

ಸಭೆಯಲ್ಲಿ ಕೇಳಿದ್ದೆಲ್ಲವನ್ನೂ ಅವನಿಗೆ ದಾಟಿಸುವುದೂ ಅವಳ ಕೆಲಸವೇ. ಅವಳು ಎರಡು ಅಂಗೈ ಜೋಡಿಸಿ ಮನೆಯ ಸೂರು ಮಾಡಿದಳು, ಮುರಿದಳು, ಬೆರಳನ್ನು ತನ್ನ ಎದೆಗೇ ತಿರುಗಿಸಿ ತೋರಿಸಿದಳು.

ಬಡಗಿಯ ಕೈಗಳು ಅರ್ಧಕ್ಕೆ ನಿಂತವು. ಅವನು ಬರೆದು ತಂದಿದ್ದ ಹಾಳೆ ಮಡಿಸಿ ಜೇಬಿಗಿಟ್ಟ. ಆಮೇಲೆ ನಿಧಾನವಾಗಿ, ಒಂದೊಂದೇ ಸನ್ನೆಯನ್ನು ಎಲ್ಲರಿಗೂ ಕಾಣುವಂತೆ ಎತ್ತರದಲ್ಲಿ ಆಡಿಸಿದ. ಅವಳು ಹೇಳಲೇಬೇಕಾಯಿತು.

"ಈಗ ಬೈದಿದ್ದು ನನ್ನನ್ನಲ್ಲ, ಇವರನ್ನ. ಇವರು ನನ್ನ ಮಾತು ಒಪ್ಪಲ್ಲ. ಒಂದು ತಿಂಗಳಿಂದ ನನ್ನ ಹತ್ರ ಜಗಳ ಆಡ್ತಿದ್ದಾರೆ. ಹುಬ್ಬು ನೋಡಿ, ಈಗಲೂ ಮೇಲಿದೆ. ಆದರೂ ಒಂದಕ್ಷರ ನುಂಗಲಿಲ್ಲ. ತನ್ನನ್ನ ಬೈದಿದ್ದನ್ನೂ ನನ್ನ ಹತ್ರ ಮುಚ್ಚಿಡಲಿಲ್ಲ. ಇವರು..."

ಅವಳು ಅಲ್ಲೇ ನಿಲ್ಲಿಸಿದಳು. ತನ್ನ ಹೊಗಳಿಕೆಯನ್ನು ತಾನೇ ಮೈಕಿನಲ್ಲಿ ಹೇಳಿಕೊಳ್ಳುವ ಕಷ್ಟ ಶತ್ರುವಿಗೂ ಬೇಡ. ಅವನು ಕೈ ಇಳಿಸದೆ ಕಾದ. ಬೈಗಳನ್ನು ನುಂಗದವಳು ಇದನ್ನು ಮಾತ್ರ ಹೇಗೆ ನುಂಗುವುದು?

"ಇವರನ್ನ ಕಂಡರೆ ನನಗೆ ಹೆಮ್ಮೆ," ಎಂದಳು.

ಮೂರನೆಯ ಸಾಲಿನಲ್ಲಿ ಚಿಕ್ಕಮ್ಮ ಎದ್ದು ನಿಂತಳು. ಹಣೆಯ ಮೇಲಿನ ಕೂದಲು ಹಿಂದಕ್ಕೆ ಸರಿಸಿ, ಎರಡೂ ಕೈ ಮೇಲೆತ್ತಿ ಅಂಗೈ ಅಲ್ಲಾಡಿಸಿದಳು. ಕಿವಿ ಕೇಳದವರ ಚಪ್ಪಾಳೆ ಅದು. ಅವಳ ಅಕ್ಕಪಕ್ಕ ಒಂಬತ್ತು ಜೊತೆ ಕೈಗಳು ಎದ್ದವು. ಆಮೇಲೆ ಅರ್ಥವಾಯಿತೋ ಇಲ್ಲವೋ, ಈ ಕಡೆ ಒಂದಷ್ಟು, ಆ ಕಡೆ ಒಂದಷ್ಟು ಕೈಗಳು ಎದ್ದವು. ಏಳದವರೂ ಬೇಕಾದಷ್ಟು ಜನ ಇದ್ದರು, ಆದರೆ ಮತ್ತೆ ಯಾರೂ ಕೂಗಲಿಲ್ಲ.

ಅಣ್ಣ ಎದ್ದ. ತಲೆಗೂದಲ ಮೇಲೆ ಒಮ್ಮೆ ಕೈಯಾಡಿಸಿಕೊಂಡ. ನಿಯಮ ವಾಪಸ್ ತೆಗೆದುಕೊಳ್ಳುತ್ತೇನೆ, ಚಿಕ್ಕಮ್ಮನನ್ನು ಕೇಳಿ ತಿದ್ದಿ ತರುತ್ತೇನೆ ಎಂದ. ಅವನ ಪಕ್ಷದವರೇ ಗೊಣಗಿದರು. ಅವಳು ಅಣ್ಣನ ಮಾತನ್ನು ಚಿಕ್ಕಮ್ಮನಿಗೂ ಬಡಗಿಗೂ ಕಾಣುವಂತೆ ಕೈಯಲ್ಲಿ ಹೇಳಿದಳು. ಆ ಗಳಿಗೆಯಲ್ಲಿ ಅಣ್ಣನ ಬಗ್ಗೆಯೂ ಅವಳ ಎದೆ ಉಬ್ಬಿತ್ತು.

ಶನಿವಾರ ಸಂಜೆ ಚಿಕ್ಕಮ್ಮನ ಜೊತೆ ಅವಳೂ ಚೌಕಕ್ಕೆ ಹೋದಳು. ದೀಪದ ಕಂಬದ ಕೆಳಗೆ ಕೈಗಳ ಗಲಾಟೆ ನಡೆದಿತ್ತು. ಬಡಗಿ ಸ್ವಲ್ಪ ಈಚೆ ಬಂದು ನಿಂತ. ಕೋಲು, ಕಲ್ಲು ತರುವವರನ್ನು ತಡೆಯಲು ಒಂದು ನಿಯಮ ಬೇಕೇ ಬೇಕು ಎಂದು ಅವಳು ಬಂದವಳೇ ಶುರು ಮಾಡಿದಳು. ಹೇಳಿ, ನೋಡುತ್ತಿದ್ದೇನೆ ಎಂದ ಅವನು. ಅವಳು ಪೂರ್ತಿ ಹೇಳಿದಳು. ಅವನು ಪೂರ್ತಿ ನೋಡಿದ. ಅರ್ಧ ಒಪ್ಪಿದೆ ಎಂದ.

"ಇನ್ನರ್ಧ?"

ಇನ್ನರ್ಧಕ್ಕೆ ಜೀವನವಿಡೀ ಜಗಳವಾಡೋಣ ಎಂದು ಹೇಳಿ, ಅವನು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಜೇಬಿಗಿಟ್ಟ. ಬೆರಳನ್ನು ತನ್ನ ಎದೆಗೆ ಒತ್ತಿದ. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡವಾಗಿ ಅಪ್ಪಿ ಹಿಡಿದ. ಆಮೇಲೆ ಬೆರಳು ಅವಳ ಕಡೆ ತಿರುಗಿತು, ಅಲ್ಲೇ ನಿಂತಿತು.

ತಿಂಗಳಿನ ರೂಢಿ ಕೆಟ್ಟದ್ದು. ಯೋಚಿಸುವ ಮೊದಲೇ ಅವಳ ಬಾಯಿ ತನ್ನ ಕೆಲಸ ಮಾಡಿತು, ಅದೂ ಗಟ್ಟಿಯಾಗಿ:

"ನಾನು ನಿನ್ನನ್ನ ಪ್ರೀತಿಸ್ತೀನಿ."

ಸುತ್ತ ಇದ್ದವರಲ್ಲಿ ಯಾರಿಗೂ ಅದು ಕೇಳಲಿಲ್ಲ. ಒಬ್ಬನನ್ನು ಬಿಟ್ಟು. ಹಿಂದೆ ತಿರುಗಿದರೆ ಅಣ್ಣ ನಿಂತಿದ್ದ, ಚಿಕ್ಕಮ್ಮನಿಗೆ ತೋರಿಸಬೇಕಾದ ನಿಯಮದ ಹಾಳೆ ಕೈಯಲ್ಲಿ ಹಿಡಿದು.

"ನಿನ್ನನ್ನ ಅಂದ್ಯಲ್ಲ," ಎಂದ ಅಣ್ಣ. "ಯಾರ ಮಾತು ಇದು?"

ಮಾತು ಅವರದು ಎಂದುಬಿಡಬಹುದಿತ್ತು. ಅದು ನಿಜವೂ ಆಗಿತ್ತು. ಅವಳು ಬಡಗಿಯ ಕಡೆ ತಿರುಗಿದಳು. ಅವನಿಗೂ ಕಾಣಲಿ ಎಂದು ಕೈಗಳನ್ನು ಬೆಳಕಿಗೆ ಎತ್ತಿ, ಎಡಹುಬ್ಬು ಮೇಲೇರಿಸಿ, ಬಾಯಲ್ಲೂ ಕೈಯಲ್ಲೂ ಒಟ್ಟಿಗೇ ಹೇಳಿದಳು:

"ಬಾಯಿ ನಂದು, ಅಣ್ಣ. ಈ ಸಲ ಮಾತೂ ನಂದೇ."