ತಟ್ಟೆಯಲ್ಲಿನ ಸೌತೆಬಿಲ್ಲೆ

ಅಕ್ಕ ತೀರಿಕೊಂಡ ಮೇಲೆ ಅವಳ ಮೀನಿನ ತೊಟ್ಟಿ ನನ್ನ ಕೋಣೆಗೆ ಬಂತು. ಅದರೊಳಗಿನ ಗಿಡಗಳ ತುಂಬ ಬಸವನಹುಳುಗಳು.

"ನೀರಿಗೊಂದು ಸೌತೆಬಿಲ್ಲೆ ಬಿಡಿ, ಮುತ್ಕೊಳ್ತವೆ. ಹಾಗೇ ಎತ್ತಿ ಬಿಸಾಕಿ," ಎಂದರು, ನಾನು ಉಪಾಯ ಕೇಳಿದ ಸಾಕುಮೀನಿನ ಅಂಗಡಿಯವರು.

ಬೆಳಿಗ್ಗೆ ಬಿಲ್ಲೆ ಬಿಟ್ಟು, ಬೀಗ ಹಾಕಿ ಕೆಲಸಕ್ಕೆ ಹೋದೆ. ಸಂಜೆ ಬಂದರೆ ಅದು ತೊಟ್ಟಿಯ ಪಕ್ಕ ಒಂದು ತಟ್ಟೆಯಲ್ಲಿತ್ತು, ಮೈತುಂಬ ಹುಳು. ನೀರು ಇನ್ನೂ ಹನಿಯುತ್ತಿತ್ತು.

ದಿನವೂ ಹೀಗೇ ಆಯಿತು. ಒಂದು ದಿನ ಬಾಗಿಲಿನ ಒಳಗಡೆಯ ಚಿಲಕವೂ ಒದ್ದೆಯಾಗಿತ್ತು. ಬರಬರುತ್ತ ಮೊದಲಿನ ಹೆದರಿಕೆ ಕಳೆದು, ಬೇಗ ಮನೆ ಸೇರುವ ಆಸೆ ಹುಟ್ಟಿತು. "ಅಕ್ಕಾ, ಬಂದೆ," ಎನ್ನುತ್ತಲೇ ಒಳಗೆ ಹೋಗುತ್ತಿದ್ದೆ.

ದಿನಾ ಎತ್ತಿ ಎಸೆದು ಹುಳುಗಳು ಮುಗಿದವು. ಆಮೇಲೆ ಬಿಟ್ಟ ಬಿಲ್ಲೆ ನೀರಲ್ಲೇ ಉಳಿಯತೊಡಗಿತು. ತಡೆಯಲಾರದೆ ಮತ್ತೆ ಅಂಗಡಿಗೆ ಹೋಗಿ ನಾಲ್ಕು ಬಸವನಹುಳು ಕೇಳಿದೆ.

"ಅವನ್ನ ಕೊಲ್ಲೋಕೆ ತಾನೇ ಉಪಾಯ ಕೇಳಿದ್ರಿ?" ಎಂದು ಅವರು ನಕ್ಕರು.

ಮರುದಿನ ಸಂಜೆ, ತೊಟ್ಟಿಗೆ ಬಿಟ್ಟಿದ್ದ ನಾಲ್ಕೂ ಹುಳು ತಟ್ಟೆಯಲ್ಲಿದ್ದವು, ಆಗಷ್ಟೇ ಹೆಚ್ಚಿದ ಸೌತೆಬಿಲ್ಲೆಯ ಮೇಲೆ. ಅಂದು ಮನೆಯಲ್ಲಿ ಸೌತೆಕಾಯಿಯೇ ಇರಲಿಲ್ಲ.