ಉಣ್ಣೆ ಕಂಪನಿಯ ಕೊಲೆ

ಗಂಡನನ್ನು ಮಣ್ಣು ಮಾಡಿ ಮೂರು ದಿನವೂ ಆಗಿರಲಿಲ್ಲ, ಪಕ್ಕೀರಮ್ಮ ಅನ್ನದಾನಮ್ಮನವರ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಒಂದು ಅಫಿಡವಿಟ್ಟು. ಮೈಲಾರೇಶನಿಗೆ ಆ ಕಾಗದದ ಗುರುತು ಕೂಡಲೇ ಸಿಕ್ಕಿತು. ಹಿಂದಿನ ದಿನ ಅವನೇ ತನ್ನ ಅಂಗಡಿಯಲ್ಲಿ ಅದನ್ನು ಟೈಪು ಮಾಡಿದ್ದ, ಅದೂ ಬಲು ಹುಮ್ಮಸ್ಸಿನಿಂದ.

ಕೂಡ್ಲಿಗಿ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ಅನ್ನದಾನಮ್ಮ ಸುತ್ತಲ ಊರುಗಳವರಿಗೆ ಪೊಲೀಸರಿಗಿಂತ ಹತ್ತಿರದವರು. ಮೈಲಾರೇಶ ಅವರ ಬೈಕು ಓಡಿಸುವವನು, ಕಾಗದ ಓದಿ ಹೇಳುವವನು, ಬೈಸಿಕೊಳ್ಳಲು ಸದಾ ಸಿದ್ಧನಿರುವವನು.

"ಇದಕ್ಕ ಸಹಿ ಹಾಕು ಅಂತಾರ್ರಿ ಕಂಪನಿ ಮಂದಿ, ಅಮ್ಮಾರ," ಎಂದಳು ಪಕ್ಕೀರಮ್ಮ. "ನನ ಗಂಡನ್ನ ಕ್ರಾಂತಿ ಕೊಂದಾನ ಅಂತ ಬರದೈತಿ. ಹಾಕಿದ್ರ ಅವನು ಜೈಲಾಗ ಕೊಳೀತಾನ. ಹಾಕದಿದ್ರ ಕಂಪನಿ ಹೋಗತೈತಂತ. ಅವನೇ ಕೊಂದಿದ್ರ ಈಗಲೇ ಹಾಕತೀನಿ. ಖರೇ ಏನಂತ ನನಗ ತಿಳೀಬೇಕ್ರಿ."

ಹೊಸಹಳ್ಳಿ ದಾರಿಯ ಆ ಉಣ್ಣೆ ಕಂಪನಿಯನ್ನು ಇನ್ನೂರು ಕುರಿಗಾರ ಮನೆಗಳು ಷೇರು ಹಾಕಿ ಕಟ್ಟಿದ್ದವು. ಪುಣೆಯ ದೊಡ್ಡ ಕಂಪನಿಯೊಂದು ಅದನ್ನು ಕೊಳ್ಳಲು ಬಂದಿತ್ತು. ದಾವಣಗೆರೆಯ ಕ್ರಾಂತಿ ಅದರ ಏಜೆಂಟ್. ನೂರಕ್ಕೆ ನಲವತ್ತಾರು ಷೇರು ಅವನ ಕಡೆ ವಾಲಿದ್ದವು, ನಲವತ್ತೆಂಟು ಮಾರಬಾರದು ಎನ್ನುವವರ ಕಡೆ. ಮಾರಾಟ ತಡೆಯಲು ಅಧ್ಯಕ್ಷ ಶಿವಯೋಗಿ ಕಂಪನಿ ನ್ಯಾಯಮಂಡಳಿಯ ಮೆಟ್ಟಿಲೇರಿದ್ದ. ಷೇರುದಾರರ ಸಭೆ ಕರೆದು ಕೈ ಎತ್ತಿಸಿ ತೀರ್ಮಾನಿಸಿ ಎಂದು ಮಂಡಳಿ ಹೇಳಿತ್ತು. ಉಳಿದದ್ದು ಪಕ್ಕೀರಮ್ಮನ ಗಂಡ ಯರ್ರೆಪ್ಪನ ನೂರಕ್ಕೆ ಆರು. ಅವನು ಒಪ್ಪಲಿಲ್ಲ, ಆ ಸಿಟ್ಟಿಗೆ ಕ್ರಾಂತಿ ಕೊಂದ ಎಂಬುದು ಊರಿನ ಮಾತು. ರಕ್ತ ಮೆತ್ತಿದ ಕ್ರಾಂತಿಯ ಬೂಟು ಗೋದಾಮಿನ ಹಿಂದಿನ ಜಾಲಿ ಪೊದೆಯಲ್ಲಿ ಸಿಕ್ಕಿತ್ತು, ಪೊಲೀಸರು ಅವನನ್ನು ಹಿಡಿದಿಟ್ಟಿದ್ದರು. ಎರಡು ಷೇರಿನ ಒಡೆಯ, ಕುರಿಗಾರರ ಮಗ ಮೈಲಾರೇಶನೂ ಅದನ್ನೇ ನಂಬಿದ್ದ.

"ಬೂಟು ಸಿಕ್ಕೈತಲ್ಲವ್ವ. ಮತ್ತೇನು ಅನುಮಾನ?" ಎಂದ.

"ಆ ಬೂಟು ಹಿಂದಿನ ದಿನ ಸಂಜೀಕೇ ಕಳದಿತ್ತಪ್ಪ. ಶಿವಯೋಗಿ ಮಾವನ ಮನ್ಯಾಗ ನಾಲ್ಕೇ ಮಂದಿ ಕುಂತು ಮಾತಾಡಿದ್ರು: ಮಾವ, ಮ್ಯಾನೇಜರ್ ಬಸವೇಶ್, ಕ್ರಾಂತಿ, ನನ ಗಂಡ. ಎದ್ದು ಬರೂದ್ರಾಗ ಕಟ್ಟಿ ಮ್ಯಾಲಿನ ಬೂಟು ಇಲ್ಲ. ಕ್ರಾಂತಿ ಬರಿಗಾಲಾಗ ಕಾರು ಹತ್ತಿದ ಅಂತ ನನ ಗಂಡ ಉಣ್ಣಾಗ ನಕ್ಕೊಂತ ಹೇಳಿದ. ಪೊಲೀಸ್ರು, ಆಮ್ಯಾಲೆ ಸಿಕ್ಕಿರಬೇಕು ಅಂದ್ರು."

"ಸಭಿಯಾಗ ನಿನ್ನ ಗಂಡ ಯಾವ ಕಡೆ ಕೈ ಎತ್ತವನಿದ್ದ?" ಎಂದು ಅನ್ನದಾನಮ್ಮ ಕೇಳಿದರು.

ಪಕ್ಕೀರಮ್ಮ ತಲೆ ತಗ್ಗಿಸಿದಳು. "ಅದೊಂದು ಕೇಳಬ್ಯಾಡ್ರಿ. ಕಂಪನಿ ಮಾರಬಾರದು ಅನ್ನಾಕಿ ನಾನು."

ಗೋದಾಮಿನ ಬಾಗಿಲು ತೆಗೆದವನು ಬಸವೇಶ್. ಬಳ್ಳಾರಿಯಿಂದ ಬಂದು ನೌಕರಿ ಹಿಡಿದವನು. ಕಂಪನಿ ಮಾರಿದರೆ ಮೊದಲು ಹೋಗುವುದು ಅವನ ಕುರ್ಚಿಯೇ. ಒಳಗೆ ನೆಲದ ತುಂಬ ಉಣ್ಣೆಯ ಧೂಳು. ಎರಡೂ ಬದಿಗೆ ಉಣ್ಣೆ ಚೀಲಗಳ ರಾಶಿ, ನಡುವೆ ದಾರಿ, ಕೊನೆಯಲ್ಲಿ ತಕ್ಕಡಿ. ಬೆಳಗಿನ ಆರಕ್ಕೆ ತಕ್ಕಡಿಗೆ ಬಗ್ಗಿದ್ದ ಯರ್ರೆಪ್ಪನ ತಲೆಗೆ ಹಿಂದಿನಿಂದ ತೂಕದ ಕಲ್ಲು ಬಿದ್ದಿತ್ತು. ದಾರಿಯ ನಡುವೆ ಅವನು ಹಾಸಿದ್ದ ಕರಿ ಕಂಬಳಿ ಹಾಗೇ ಇತ್ತು. ದಿನವೂ ಅದನ್ನು ಹಾಸಿ, ಅರಿಶಿನದ ಭಂಡಾರವಿಟ್ಟು ಕೈಮುಗಿದೇ ಅವನು ತೂಕ ಶುರು ಮಾಡುತ್ತಿದ್ದ.

ಪೊಲೀಸರು ಬೂಟಿನ ಹೆಜ್ಜೆಗಳಿಗೆ ಸುಣ್ಣದ ಸುತ್ತು ಹಾಕಿದ್ದರು. ಹೆಜ್ಜೆಗಳು ಬಾಗಿಲಿನಿಂದ ನೇರ ಬಂದು, ನಡುವೆ ಎಡಕ್ಕೆ ಹೊರಳಿ, ಚೀಲಗಳಿಗೆ ಒತ್ತಿಕೊಂಡು ಅಡ್ಡಡ್ಡ ಸಾಗಿ, ಮತ್ತೆ ನಡುವಿಗೆ ಬಂದು ತಕ್ಕಡಿ ಮುಟ್ಟಿದ್ದವು. ವಾಪಸ್ಸೂ ಹಾಗೆಯೇ.

"ಚೀಲದ ಮರೆ ಹಿಡಕೊಂಡು ಬಂದಾನ್ರಿ, ಕಳ್ಳ," ಎಂದ ಮೈಲಾರೇಶ.

"ಬರ್ರಿ, ತೋರಸ್ತೀನಿ," ಎಂದು ಬಸವೇಶ್ ಕಂಬಳಿಯ ಮೇಲೇ ಟಪಟಪ ನಡೆದು ತಕ್ಕಡಿಯ ಹತ್ತಿರ ನಿಂತ. ಮೈಲಾರೇಶ ಚೀಲಗಳ ಪಕ್ಕದಿಂದ ನುಸುಳಿಕೊಂಡು ಹಿಂದೆ ಹೋದ. ಅನ್ನದಾನಮ್ಮ ಮಾತ್ರ ಬಾಗಿಲಲ್ಲೇ ನಿಂತು ಇಬ್ಬರನ್ನೂ ನೋಡುತ್ತಿದ್ದರು.

ಅಷ್ಟರಲ್ಲಿ ಶಿವಯೋಗಿ ಕುಂಟುತ್ತ ಬಂದ. ಅರವತ್ತು ದಾಟಿದ ಕುರಿಗಾರ, ಕೆರ ಬಿಟ್ಟು ಬೇರೇನನ್ನೂ ಮೆಟ್ಟಿದವನಲ್ಲ. ಎರಡೂ ಹಿಮ್ಮಡಿಗೆ ಬಟ್ಟೆ ಸುತ್ತಿದ್ದ.

"ಕಾಲಿಗೇನಾತು ಗೌಡ್ರ?"

"ಮುಳ್ಳು ಚುಚ್ಚೈತ್ರಿ ಅಮ್ಮಾರ. ಪಕ್ಕೀರವ್ವಗ ಒಂದೀಟು ಬುದ್ಧಿ ಹೇಳ್ರಿ. ಆಕಿ ಸಹಿ ಬಿದ್ರ ಪುಣೆಯವರು ಮತ್ತ ಈ ಕಡಿ ತಲಿ ಹಾಕಂಗಿಲ್ಲ."

ಮರುದಿನ ಗೋದಾಮಿನ ಅಂಗಳದಲ್ಲಿ ಷೇರುದಾರರ ಸಭೆ. ಅನ್ನದಾನಮ್ಮ ಹೇಳಿ ಕಳಿಸಿದ್ದರಿಂದ ಇನ್‌ಸ್ಪೆಕ್ಟರ್ ಕ್ರಾಂತಿಯನ್ನೂ ಕರೆತಂದಿದ್ದರು. ಮಾತು ಶುರುವಾಗುತ್ತಲೇ ಕಾವೇರಿತು.

"ಕುರಿ ಹಿಂದ ಹೋಗೋರ ಇಲ್ಲ, ಉಣ್ಣಿ ಎಲ್ಲಿಂದ ತರೂದು?" ಎಂದಳು ಮಾರುವ ಕಡೆಯ ಮಾಲಾ. "ಒಳ್ಳೆ ರೇಟು ಬಂದಾಗ ಕೊಟ್ಟು ಕೈ ತೊಳಕೊಳ್ಳೂದು ಚಲೋ."

"ಕೊಟ್ಟ ಮರುವರ್ಷ ಬಾಗಿಲಾ ಹಾಕತಾರ! ಆಮ್ಯಾಲೆ ಉಣ್ಣಿ ತಿಪ್ಪಿಗೆ ಹಾಕತೀಯೇನು?" ಎಂದು ಬೇಡವೆನ್ನುವ ಕಡೆಯ ಚೌಡಣ್ಣ ಎದ್ದ.

"ಕೊಲೆಗಡುಕರ ಕೂಡ ವ್ಯಾಪಾರ ಏನು ಬಂತು?" ಎಂದ ಶಿವಯೋಗಿ. "ಪಕ್ಕೀರವ್ವ ಸಹಿ ಹಾಕಿದ್ರ ಮಂಡಳಿಯೇ ಅವರನ್ನ ಓಡಸತೈತಿ."

ಅನ್ನದಾನಮ್ಮ ಎದ್ದು ನಿಂತರು.

"ಸಹಿ ಹಾಕೂಕಿಂತ ಮೊದಲು ಆ ಹೆಜ್ಜಿ ಮಾತು ಕೇಳ್ರಿ. ತಕ್ಕಡಿಗೆ ನೇರ ದಾರಿ ಐತಿ. ಆ ಬೂಟು ಮೆಟ್ಟಿದವನು ಯಾಕ ಚೀಲಕ್ಕ ಒತ್ತಿಕೊಂಡು ಹೋದ? ಮರೆ ಬೇಕಾಗಿತ್ತು ಅಂದ್ರ ಬಾಗಿಲಿಂದನೇ ಮರೆ ಹಿಡೀತಿದ್ದ. ಕಂಬಳಿ ಬಂದ ಕಡೆ ಮಾತ್ರ ಹೊರಳ್ಯಾನ. ಕಂಬಳಿ ದಾಟಿದ ಮ್ಯಾಲ ಮತ್ತ ನಡುವಿಗೆ ಬಂದಾನ." ಅವರು ತಿರುಗಿದರು. "ಲೇ ಮೈಲಾರಿ, ನಿನ್ನೆ ನೀನೂ ಹಂಗೇ ಹೋದಿ. ಯಾಕ?"

ಮೈಲಾರೇಶ ತಬ್ಬಿಬ್ಬಾದ. ತಾನು ಹಾಗೆ ಹೋದದ್ದೇ ಅವನಿಗೆ ಗೊತ್ತಿರಲಿಲ್ಲ. "ಕೆರ ಮೆಟ್ಟಿ ಕಂಬಳಿ ತುಳಿಯಾಕ ಆಗತೈತೇನ್ರಿ ಅಮ್ಮಾರ? ಅದು ದೇವರ ಗದ್ದಿಗಿ."

"ಅಷ್ಟೇ. ನಿಮ್ಮ ಮಂದಿಗೆ ಯಾರೂ ಹೇಳಿಕೊಡಬೇಕಿಲ್ಲ, ಕಾಲೇ ಸರೀತಾವ. ದಾವಣಗೆರಿ ಪ್ಯಾಟ್ಯಾಗ ಬೆಳೆದ ಕ್ರಾಂತಿಗೆ ಅದು ಬರೇ ನೆಲದ ಮ್ಯಾಲಿನ ಕಂಬಳಿ. ಬೂಟು ಅವನವು, ಆದ್ರ ನಡದ ಕಾಲು ಕುರಿಗಾರನದು. ಬೂಟು ಕಳದ ಮನ್ಯಾಗ ಇದ್ದವರು ನಾಲ್ಕು ಮಂದಿ. ಯರ್ರೆಪ್ಪ ಸತ್ತ. ಕ್ರಾಂತಿ ಅಲ್ಲ. ಬಸವೇಶ್ ನಿನ್ನೆ ನನ್ನ ಕಣ್ಣೆದುರಿಗೇ ಕಂಬಳಿ ತುಳಕೊಂಡು ಹೋದ."

ಎಲ್ಲರ ಕಣ್ಣೂ ಒಂದೇ ಕಡೆ ಹೊರಳಿದವು.

"ಮುಳ್ಳು ಅಂಗಾಲಿಗೆ ಚುಚ್ಚತೈತಿ ಗೌಡ್ರ, ಎರಡೂ ಹಿಮ್ಮಡಿ ಹಿಂದಕ್ಕಲ್ಲ. ಜನ್ಮದಾಗ ಬೂಟು ಮೆಟ್ಟದವನು ಮಂದಿ ಬೂಟು ಮೆಟ್ಟಿದ್ರ ಅಲ್ಲೇ ಬೊಬ್ಬಿ ಏಳತಾವ. ಬಟ್ಟಿ ಬಿಚ್ರಿ."

ಶಿವಯೋಗಿ ಬಿಚ್ಚಲಿಲ್ಲ. ಇನ್‌ಸ್ಪೆಕ್ಟರ್ ಬಗ್ಗಿ ಬಿಚ್ಚಿದರು. ಎರಡೂ ಹಿಮ್ಮಡಿಯ ಹಿಂದೆ ಬೊಬ್ಬೆ ಒಡೆದು ಹಸಿಹಸಿಯಾಗಿತ್ತು.

"ಆದ್ರ ಇಬ್ಬರೂ ಒಂದೇ ಕಡೆಯವರಲ್ಲೇನ್ರಿ? ಯಾಕ ಕೊಂದ?" ಎಂದು ಚೌಡಣ್ಣ ಕೂಗಿದ.

"ಅದನ್ನ ಪಕ್ಕೀರಮ್ಮನೇ ಹೇಳಲಿ," ಎಂದರು ಅನ್ನದಾನಮ್ಮ.

ಪಕ್ಕೀರಮ್ಮ ಮುಂದೆ ಬಂದಳು. "ನನ ಗಂಡ ಮಾರಾಕ ಒಪ್ಪಿದ್ದ. ಅವತ್ತು ಉಂಡಾದ ಮ್ಯಾಲ ಬಾಯಿ ಬಿಟ್ಟ. ನಾಚಿಕಿಲ್ಲೇನು ಅಂತ ನಾನು ಬಾಯಿಗೆ ಬಂದಂಗ ಬೈದೆ. ಬೆಳಿಗ್ಗೆ ಮಾತಾಡಸದೇ ಕಳಿಸಿದೆ. ಅವನ ಹೆಸರು ಕೆಡಬಾರದಂತ ಯಾರ ಮುಂದೂ ಹೇಳಲಿಲ್ಲ."

ಶಿವಯೋಗಿ ಗೋದಾಮಿನ ಕಡೆ ಕೈ ತೋರಿಸಿದ. "ನಾನೂ ಅವನೂ ಮನಿ ಮನಿ ತಿರುಗಿ ಕಟ್ಟಿದ ಕಂಪನಿ. ಅವತ್ತು ಸಂಜೀಕೇ ಮಾರತೀನಿ ಅಂದ, ಕಾಲು ಹಿಡದೆ, ಕೇಳಲಿಲ್ಲ. ಒಂದು ಕೈ ಎತ್ತಿದ್ರ ಇನ್ನೂರು ಮನಿ ಬೀದಿಗೆ ಬೀಳತಿದ್ವು. ನನಗಂತ ಏನೂ ಮಾಡಲಿಲ್ಲ." ನಿಜಕ್ಕೂ ಅವನು ತನಗಾಗಿ ಏನನ್ನೂ ಮಾಡಿಕೊಂಡಿರಲಿಲ್ಲ. ಪೊಲೀಸರು ಮುದುಕನನ್ನು ಜೀಪಿಗೆ ಹತ್ತಿಸುವಾಗ ಯಾರೂ ಬೈಯಲಿಲ್ಲ. ಕ್ರಾಂತಿ ಅಂಗಳದಲ್ಲೇ ಕುಸಿದು ಕೂತು ಅತ್ತ.

ಸಭೆ ಮುಂದಕ್ಕೆ ಹೋಯಿತು. ಯರ್ರೆಪ್ಪನ ಷೇರುಗಳು ಹೆಂಡತಿಯ ಹೆಸರಿಗೆ ಬರಲು ಎರಡು ತಿಂಗಳು ಹಿಡಿಯಿತು. ಆಮೇಲೆ ಮತ್ತೆ ಅದೇ ಅಂಗಳ, ಅದೇ ಲೆಕ್ಕ: ಮಾರುವ ಕಡೆ ನಲವತ್ತಾರು, ಬೇಡವೆನ್ನುವವರ ಕಡೆ ನಲವತ್ತೆಂಟು. ಮೈಲಾರೇಶನ ಎದೆ ಹಗುರಾಗಿತ್ತು. ಪಕ್ಕೀರಮ್ಮ ಮೊದಲಿಂದಲೂ ಮಾರಬಾರದು ಎಂದವಳು.

ಮಾರುವವರು ಕೈ ಎತ್ತಿ ಎಂದಾಗ ಪಕ್ಕೀರಮ್ಮ ಎದ್ದು ನಿಂತು ಬಲಗೈ ಎತ್ತಿದಳು.

"ಯವ್ವಾ, ನಿನಗ ಮನಸಿಲ್ಲಲ್ಲ!" ಎಂದು ಚೌಡಣ್ಣ ಚೀರಿದ.

"ಇಲ್ಲಪ್ಪ, ಇವತ್ತಿಗೂ ಇಲ್ಲ," ಎಂದಳು ಪಕ್ಕೀರಮ್ಮ. "ಆದ್ರ ಈ ಕೈ ಏಳಬಾರದಂತ ಅವನ್ನ ಕೊಂದ್ರು. ನಾನು ಎತ್ತದಿದ್ರ ಕೊಂದವನ ಮಾತೇ ನಡದಂಗಾತು."

ಎಣಿಸಿ ಬರೆದುಕೊಳ್ಳುವವರೆಗೂ ಅವಳು ಕೈ ಇಳಿಸಲಿಲ್ಲ.